ಗ್ಲೌಸಿಲ್ಲದ ಕೈ

ನಾಯಿಮರಿ ಗೋಡೆಗೆ ಬಡಿದು ಬಿದ್ದ ಸದ್ದಿಗೆ ಅವಳ ಹೊಲಿಗೆ ಯಂತ್ರ ನಿಂತಿತು. ತಿರುಗಿ ನೋಡಿದರೆ ಗಂಡ ಕೋಣೆಯ ನಡುವೆ ನಿಂತು, ಹೆಬ್ಬೆರಳಿನ ರಕ್ತವನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಿದ್ದ. ಮರಿ ಎರಡು ಸಲ ಜಾರಿ ಎದ್ದು, ಒಂದು ಮುಂಗಾಲನ್ನು ಎತ್ತಿಕೊಂಡೇ ಬಂದು ಅವಳ ಯಂತ್ರದ ಕೆಳಗೆ ತೂರಿಕೊಂಡಿತು.

"ಊಟ ಹಾಕಿದ ಕೈನೇ ಕಚ್ಚುತ್ತಾ ಇದು? ಇವತ್ತು ಇದರ ಕತೆ ಮುಗೀತು," ಎಂದ ಅವನು.

ಮರಿಗೆ ಕತ್ತರಿ ಎಂದು ಹೆಸರಿಟ್ಟವಳು ಮಗಳು. ಬಂದ ವಾರದಲ್ಲೇ ಅದು ಅಳತೆಯ ಟೇಪು ತುಂಡರಿಸಿ, ಗಿರಾಕಿಯೊಬ್ಬರ ಹೊಸ ಪ್ಯಾಂಟನ್ನು ಒಂದು ಕಡೆ ಚಡ್ಡಿ ಮಾಡಿ, ತನ್ನ ಹೆಸರು ಉಳಿಸಿಕೊಂಡಿತ್ತು. ಚುಚ್ಚುಮದ್ದಿಗೆ ಕರೆದುಕೊಂಡು ಹೋದಾಗ ಪಶುವೈದ್ಯೆ ಅದರ ತುಟಿ ಎತ್ತಿ ನೋಡಿ ನಕ್ಕಿದ್ದರು.

"ಹಾಲುಹಲ್ಲು, ಒಸಡು ನವೆ. ಜೊತೆ ಮರಿಗಳಿದ್ದಿದ್ರೆ ಕಚ್ಚಿಸಿಕೊಂಡ ಮರಿ ಕಿರುಚಿ ಆಟ ನಿಲ್ಲಿಸ್ತಿತ್ತು. ಈಗ ಆ ಕೆಲಸ ನಿಮ್ದು. ಜೋರಾಗಿ ಅಯ್ಯೋ ಅನ್ನಿ, ಎದ್ದು ಹೋಗಿಬಿಡಿ. ಕಚ್ಚೋಕೆ ಒದ್ದೆ ಬಟ್ಟೆ ಗಂಟು ಕಟ್ಟಿ ಕೊಡಿ. ಹೊಡೀಬೇಡಿ. ಹೊಡೆದ್ರೆ ಗುರ್ ಅನ್ನೋದನ್ನ ಬಿಡುತ್ತೆ, ಕಚ್ಚೋದನ್ನ ಬಿಡಲ್ಲ."

ಮಗಳು ಈ ಮಾತನ್ನು ಎಷ್ಟು ಚೆನ್ನಾಗಿ ಪಾಲಿಸಿದಳೆಂದರೆ, ದಿನವಿಡೀ ಅವಳ ಅಯ್ಯೋ ಕೇಳಿ ಪಕ್ಕದ ಮನೆಯಾಕೆ ಎರಡು ಸಲ ಬಂದು ಇಣುಕಿ ಹೋದಳು. ಆದರೆ ಫಲ ಸಿಕ್ಕಿತು. ಅಮ್ಮ ಮಗಳಿಬ್ಬರ ಕೈಯನ್ನೂ ಕತ್ತರಿ ಈಗ ಮೊಟ್ಟೆ ಹಿಡಿದಷ್ಟು ಹಗುರವಾಗಿ ಬಾಯಲ್ಲಿಟ್ಟುಕೊಂಡು ಬಿಟ್ಟುಬಿಡುತ್ತಿತ್ತು.

ಕೆಡಿಸಿದವನು ಗಂಡ. ಅವನು ವೆಲ್ಡರ್. ಸಂಜೆ ಕೆಲಸದ ದಪ್ಪ ತೊಗಲಿನ ಗ್ಲೌಸು ಕಳಚದೆಯೇ ಮರಿಯ ಬಾಯಿಗೆ ಕೈ ತುರುಕಿ, "ಕಚ್ಚು, ಇನ್ನೂ ಜೋರಾಗಿ ಕಚ್ಚು," ಎಂದು ನಗುತ್ತಿದ್ದ. ಗ್ಲೌಸು ತೆಗೆದ ಮೇಲೆ ಅದೇ ಕೈಗೆ ಅದೇ ಹಲ್ಲು ತಾಗಿದರೆ ಮೂತಿಗೆ ಬಾರಿಸುತ್ತಿದ್ದ. ಯಾವ ಹೊತ್ತಿನಲ್ಲಿ ಆ ಕೈ ಆಟದ್ದು, ಯಾವ ಹೊತ್ತಿನಲ್ಲಿ ಏಟಿನದ್ದು ಎಂದು ಆ ಬಡಪಾಯಿಗೆ ಹೇಗೆ ಗೊತ್ತಾಗಬೇಕು? ಹೆಂಡತಿಯಾದ ಅವಳಿಗೇ ಎಷ್ಟೋ ಸಲ ಗೊತ್ತಾಗುತ್ತಿರಲಿಲ್ಲ. ಮಗಳ ಮೇಲೆ ಅವನು ಇನ್ನೂ ಕೈ ಮಾಡಿರಲಿಲ್ಲ. ಆ 'ಇನ್ನೂ' ಎಂಬುದನ್ನು ಹಿಡಿದುಕೊಂಡೇ ಅವಳು ಈ ಮನೆಯಲ್ಲಿದ್ದಳು.

"ಬಿಟ್ಬಿಡಿ, ಮಗು ನೋಡ್ತಿದೆ," ಎಂದು ಅವಳು ಈಗ ಯಂತ್ರಕ್ಕೆ ಅಡ್ಡ ನಿಂತಳು.

"ನೋಡ್ಲಿ. ಬುದ್ಧಿ ಕಲಿಸೋದು ಹೇಗೆ ಅಂತ ಅದೂ ನೋಡ್ಲಿ."

ಅವನು ಅವಳ ಭುಜ ಹಿಡಿದು ತಳ್ಳಿದ. ಅವಳ ಸೊಂಟ ಮೇಜಿನ ಅಂಚಿಗೆ ಬಡಿದು ಕಣ್ಣು ಕತ್ತಲಿಟ್ಟಿತು. ಅವನು ಮೊಣಕಾಲೂರಿ ಯಂತ್ರದ ಕೆಳಗೆ ಕೈ ಹಾಕಿದ. ಮರಿ ಗುರ್ ಎನ್ನಲಿಲ್ಲ. ಅದನ್ನು ಅವನೇ ಏಟು ಕೊಟ್ಟು ಬಿಡಿಸಿದ್ದ. ಸದ್ದಿಲ್ಲದೆ ಅಂಗೈಯ ಮಾಂಸಕ್ಕೆ ಬಾಯಿ ಹಾಕಿತು, ಈ ಸಲ ಬಿಡಲಿಲ್ಲ. ಅವನು ಅದನ್ನು ಹೊರಗೆಳೆದು ನೆಲಕ್ಕೊತ್ತಿ, ಇನ್ನೊಂದು ಕೈಯಿಂದ ಗಂಟಲು ಅದುಮಿದ. ಹಿಂಗಾಲುಗಳು ನೆಲವನ್ನು ಪರಪರ ಕೆರೆದವು. ಅದಕ್ಕೆ ಉಸಿರಿಲ್ಲ, ಅವನಿಗೆ ಮಾತಿಲ್ಲ. ನೋವಿಗೆ ಅವನ ಮುಖ ಕಪ್ಪಿಟ್ಟಿದ್ದರೂ ಬಾಯಿಂದ ಒಂದು ಸಣ್ಣ ಸ್ವರವೂ ಹೊರಡಲಿಲ್ಲ.

ಮಗಳು ಹತ್ತಿರ ಓಡಿ ಬಂದಳು. "ಅಪ್ಪಾ, ಅಯ್ಯೋ ಅನ್ನಪ್ಪ. ಅಯ್ಯೋ ಅಂದ್ರೆ ಬಿಡುತ್ತೆ. ಒಂದೇ ಸಲ ಅನ್ನಪ್ಪ."

"ಅವನ ಬಾಯಲ್ಲಿ ಅದು ಬರಲ್ಲ ಮಗು," ಎಂದಳು ಮಂಚದ ಮೇಲಿದ್ದ ಅತ್ತೆ, ತಲೆ ಎತ್ತದೆ. "ಅತ್ತರೆ ಎರಡು ಜಾಸ್ತಿ ಬಾರಿಸ್ತಿದ್ರು ಇವನಪ್ಪ. ಸಣ್ಣೋನಿದ್ದಾಗಲೇ ಬಾಯಿ ಕಟ್ಟಿಹೋಯ್ತು."

"ನೀನು ಸುಮ್ನಿರಮ್ಮ," ಎಂದು ಹಲ್ಲು ಕಚ್ಚಿಕೊಂಡೇ ಹೇಳಿದ ಅವನು, ಹಿಡಿತ ಇನ್ನೂ ಬಿಗಿ ಮಾಡಿದ.

ಮರಿಯ ಕಾಲುಗಳ ಕೆರೆತ ನಿಧಾನವಾಯಿತು. ಮಗಳು ಅಪ್ಪನ ಬೆರಳು ಬಿಡಿಸಲು ಕೈ ಹಾಕಿದಳು. ಅವನು ನೋಡದೆಯೇ ಮೊಣಕೈ ಬೀಸಿದ. ಅದು ತಾಗಿದ್ದು ಕೆನ್ನೆಗೆ. ಮಗಳು ಹಿಂದಕ್ಕೆ ಬಿದ್ದಳು. ಬಿದ್ದವಳು ಅಳಲಿಲ್ಲ, ತುಟಿಯನ್ನು ಒಳಗೆ ಕಚ್ಚಿಕೊಂಡು ಅಪ್ಪನನ್ನೇ ನೋಡಿದಳು. ಆ ಬಿಗಿದ ಬಾಯಲ್ಲಿ ತಾಯಿಗೆ ಗಂಡನ ಬಾಯಿ ಕಂಡಿತು.

ಮೇಜಿನ ಮೇಲಿದ್ದ ಮರದ ಗಜಕೋಲು ಕೈಗೆ ಹೇಗೆ ಬಂತೋ ತಿಳಿಯದು. ಮದುವೆಯಾದ ಮೇಲೆ ಗಂಡನೆದುರು ದನಿಯೆತ್ತದವಳು ಕೋಲೆತ್ತಿ, ಗಂಟಲು ಅದುಮಿದ್ದ ಅವನ ಕೈಯ ಮಣಿಕಟ್ಟಿನ ಮೇಲೆ ಬೀಸಿದಳು. ಮೂಳೆಗೆ ಮರ ತಾಗಿದ ಸದ್ದಾಯಿತು. ಸಾಲದೆಂದು ಇನ್ನೊಮ್ಮೆ ಅಲ್ಲೇ ಹೊಡೆದಳು. ನಿಜ ಹೇಳಬೇಕೆಂದರೆ ಎರಡನೆಯ ಏಟು ಅವಳಿಗೆ ಹಿತವಾಗಿತ್ತು.

"ಅಯ್ಯೋ," ಎಂದ ಅವನು.

ದೊಡ್ಡ ದನಿಯಲ್ಲ, ಗಂಡಸಿನ ದನಿಯೂ ಅಲ್ಲ. ಗಂಟಲ ಹಿಡಿತ ಸಡಿಲಾಗಿ ಮರಿ ಅವನ ಅಂಗೈ ಬಿಟ್ಟು, ಪಕ್ಕಕ್ಕುರುಳಿ ಕೆಮ್ಮತೊಡಗಿತು. ಅವನು ನೆಲದ ಮೇಲೆ ಕುಕ್ಕರಿಸಿ, ಎರಡು ಕೈಗಳನ್ನೂ ತೊಡೆಯ ಮೇಲಿಟ್ಟುಕೊಂಡು, "ಅಯ್ಯೋ, ಅಮ್ಮಾ, ಅಯ್ಯೋ," ಎಂದು ನಿಲ್ಲಿಸಲು ಬಾರದವನಂತೆ ಹೇಳುತ್ತಲೇ ಹೋದ. ಅತ್ತೆ ಗೋಡೆಯ ಕಡೆ ಮಗ್ಗುಲಾದಳು.

"ಬಾ ಮಗು, ಏಟು ಬಿತ್ತಾ? ತೋರ್ಸು," ಎಂದು ತಾಯಿ ಮಗಳ ಕಡೆ ಹೆಜ್ಜೆ ಇಟ್ಟಳು. ಮಗಳು ಕುಳಿತಲ್ಲೇ ಹಿಂದಕ್ಕೆ ಸರಿದಳು. ಅವಳ ಕಣ್ಣು ಅಮ್ಮನ ಮುಖದ ಮೇಲಿರಲಿಲ್ಲ, ಕೋಲಿನ ಮೇಲಿತ್ತು. ಅದನ್ನು ಇನ್ನೂ ಹಿಡಿದೇ ಇದ್ದೇನೆಂಬುದು ತಾಯಿಗೆ ಆಗ ಅರಿವಾಯಿತು. ಕೆಳಗಿಟ್ಟಳು. ಇಟ್ಟ ಮೇಲೂ ಮಗು ಹತ್ತಿರ ಬರಲಿಲ್ಲ.

ಮರಿಯನ್ನು ಫ್ರಾಕಿನ ಮಡಿಲಿಗೆ ಹಾಕಿಕೊಂಡು, ಗೋಡೆಗೆ ಒತ್ತಿಕೊಂಡೇ ನಡೆದು, ಮಗಳು ಬಾಗಿಲ ಹೊರಗಿನ ಮೆಟ್ಟಿಲ ಮೇಲೆ ಕುಳಿತಳು. ಬೀದಿಯಲ್ಲಿ ಯಾರೋ ಸೈಕಲ್ ತಳ್ಳಿಕೊಂಡು ಹೋದರು. ಒಳಗೆ ಅಯ್ಯೋ ಎಂಬುದು ನಿಂತಿತು. ಗಂಡ ಎದ್ದು ಬಂದು ಬಾಗಿಲ ಒಂದು ಬದಿಗೆ ನಿಂತ, ಹೆಂಡತಿ ಇನ್ನೊಂದು ಬದಿಗೆ. ಇಬ್ಬರೂ ಹೊಸಿಲು ದಾಟಲಿಲ್ಲ. ಮಗಳು ತಿರುಗಿ ನೋಡದೆ ಮರಿಯ ಬೆನ್ನನ್ನು ಬಾಲದ ತನಕ ಸವರಿದಳು, ಮತ್ತೆ ಕಿವಿಯಿಂದ ಶುರು ಮಾಡಿದಳು. ಮೆಟ್ಟಿಲ ಮೇಲೆ ಅವಳ ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗವಿತ್ತು.