ಅತಿಥಿಯಾಗಿ ಬನ್ನಿ

"ನಿಮ್ಮ ಆಫೀಸಿನವರು ತುಂಬಾ ಒಳ್ಳೆಯವ್ರು ಬಿಡಿ ಎಜೆ," ಎಂದ ಎರ್ಮೆಕ್, ಬಾಯ್ತುಂಬ ನನ್ನನ್ನು ಅಕ್ಕ ಎನ್ನುತ್ತ, ಕಚೇರಿಯ ಮೇಜಿನ ಮೇಲಿದ್ದ ನಮ್ಮ ರೊಟ್ಟಿಯನ್ನೇ ಮುರಿಯುತ್ತ. "ಇಂಟರ್‌ನೆಟ್‌ನಲ್ಲಿ ವಕೀಲರ ಹೆಸರು ಹುಡುಕ್ದೆ. 'ಅತಿಥಿಯಾಗಿ ಬನ್ನಿ' ಅಂತ ಒಂದು ಗುಂಡಿ ಬಂತು. ಒತ್ತಿದೆ. ನನ್ನ ಹೆಂಡ್ತಿ ಉಜ್ಗೆನ್‌ನಲ್ಲಿ ಯಾವ ಬೀದಿ, ಯಾರ ಮನೆ, ಎಲ್ಲಾ ಸಿಕ್ತು. ಈಗ ಅಲ್ಲಿಗೇ ಹೊರಟಿದೀನಿ. ದಾರೀಲಿ ನಿಮಗೊಂದು ಸಲಾಂ ಹೇಳಿ ಹೋಗೋಣ ಅಂತ."

ಅಣಕಿಸಲಿಕ್ಕೇ ಬಂದಿದ್ದ. ಈ ಮನುಷ್ಯ ಮಣಿಕಟ್ಟು ಮುರಿದು ಹೊರಗೆ ಹಾಕಿದ್ದ ಅವನ ಹೆಂಡತಿ ಬುರುಲ್‌ಳನ್ನು ಓಶ್‌ನ ನಮ್ಮ ವಕೀಲರ ಕಚೇರಿಯೇ ವಸಂತದಲ್ಲಿ ಅಡಗಿಸಿಟ್ಟಿತ್ತು. ಅವಳ ಕಾಗದಗಳೆಲ್ಲ ಕಚೇರಿಯ ಸರ್ವರ್‌ನಲ್ಲಿದ್ದವು. ಅದಕ್ಕೆ ಬೀಗ ಹಾಕಿದವಳು ನಾನು. ಮಗಳಿಗೆ ಜ್ವರ ಬಂದು ಮಡಿಲಲ್ಲಿ ನರಳುತ್ತಿದ್ದ ಒಂದು ಭಾನುವಾರ, ಒಂದೇ ಕೈಯಲ್ಲಿ ಟೈಪು ಮಾಡಿ, ಹೆಸರೂ ಪಾಸ್‌ವರ್ಡೂ ಇಲ್ಲದೆ ಯಾರೂ ಇಣುಕದಂತೆ ಮಾಡಿದ್ದೆ.

ನಮ್ಮ ಹಿರಿಯ ವಕೀಲರಾದ ಸಗಿನ್ ಬಾಯ್ಕೆಯ, ಅಂದರೆ ಸಗಿನ್ ಅಣ್ಣನ, ತೋಳು ಹಿಡಿದು ಅಡುಗೆ ಕೋಣೆಗೆ ಎಳೆದೊಯ್ದೆ.

"ಬೀಗ ಯಾರು ತೆಗೆದದ್ದು?"

"ನಾನೇ ತೆಗೆಸಿದೆ ತಂಗಿ," ಎಂದರು. "ಅಲೈ ಬೆಟ್ಟದಿಂದ ಬರೋ ಅಜ್ಜಂದಿರನ್ನ ಬಾಗಿಲಲ್ಲೇ ನಿಲ್ಲಿಸಿ ಗುಟ್ಟಿನ ಮಾತು ಕೇಳೋದಾ? ನಾವೇನು ಕಿರ್ಗಿಜರಲ್ವಾ? ಅತಿಥೀನ ಯಾರು ಅಂತ ಕೇಳಬಾರದು. ಸುಮ್ನೆ ನಾಲ್ಕು ಜನ ನೋಡಿಕೊಂಡು ಹೋದ್ರೆ ಏನು—"

"ನಾಲ್ಕರಲ್ಲಿ ಒಬ್ಬ ಅಲ್ಲಿ ಕೂತು ನಿಮ್ಮ ರೊಟ್ಟಿ ತಿಂತಿದಾನೆ ಬಾಯ್ಕೆ!"

ಅವರ ಮುಖದ ಬಣ್ಣ ಇಳಿಯಿತು. ಇಳಿಯಲಿ ಅಂತಲೇ ಹೇಳಿದ್ದು.

"ಹೋಗಿ ಚಹಾ ಬಗ್ಗಿಸಿ. ತಳ ಮುಚ್ಚುವಷ್ಟೇ. ಮುಗಿದ ಹಾಗೆ ಮತ್ತೆ ಅಷ್ಟೇ."

ಅವರಿಗೆ ಅರ್ಥವಾಯಿತು. ನಮ್ಮಲ್ಲಿ ಅತಿಥಿಯ ಬಟ್ಟಲಿಗೆ ಗುಟುಕು ಗುಟುಕಾಗಿ ಸುರಿದರೆ 'ಇನ್ನೂ ಕೂತಿರು' ಎಂದು. ತುಂಬ ಸುರಿದರೆ 'ಎದ್ದು ಹೋಗು' ಎಂದು. ನರೆತ ಗಡ್ಡದವರೊಬ್ಬರು ಎದೆಗೆ ಕೈಯಿಟ್ಟು ಬಗ್ಗಿಸುತ್ತಿರುವಾಗ ಎದ್ದು ಹೋಗುವಷ್ಟು ಎರ್ಮೆಕ್‌ನಂಥವನೂ ಕೆಟ್ಟಿರುವುದಿಲ್ಲ.

ಬುರುಲ್‌ಗೆ ಫೋನು ಮಾಡಿದೆ.

"ಎಜೆ, ಹಿಟ್ಟು ನಾದ್ತಿದೀನಿ, ಆಮೇಲೆ—"

"ಕೈ ತೊಳೀತಾ ನಿಲ್ಲಬೇಡ. ಅವನಿಗೆ ವಿಳಾಸ ಸಿಕ್ಕಿದೆ. ಹೊರಡು."

"ಎಲ್ಲಿಗೆ?"

"ನನಗೂ ಹೇಳಬೇಡ. ಯಾವುದಾದ್ರೂ ವ್ಯಾನು ಹತ್ತಿ, ಅದು ಹೊರಟ ಮೇಲೆ ಫೋನು ಮಾಡು, ಸಾಕು."

ಕಂಪ್ಯೂಟರಿನ ಮುಂದೆ ಕೂತು ಮೊದಲು ಆ ಗುಂಡಿಯನ್ನು ಕಿತ್ತೆ. ಬೀಗವನ್ನು ಮತ್ತೆ ಹಾಕಿದೆ. ಸಿಟ್ಟಿನಲ್ಲಿ ಪಾಸ್‌ವರ್ಡನ್ನು ನಾನೇ ಮತ್ತೆ ಮತ್ತೆ ತಪ್ಪಾಗಿ ಒತ್ತಿದೆ. ಗೋಡೆಯಾಚೆ ಬಾಯ್ಕೆ ಕುರಿ, ಹಿಮ, ಅವನ ತಾತನ ಕುದುರೆ, ಏನೇನೋ ಮಾತಾಡುತ್ತ ಬಗ್ಗಿಸುತ್ತಲೇ ಇದ್ದರು. "ಸಾಕು ಬಾಯ್ಕೆ, ಹೊಟ್ಟೆ ಕೆರೆ ಆಯ್ತು," ಎಂದು ಎರ್ಮೆಕ್ ಗೊಣಗುವುದು ಕೇಳುತ್ತಿತ್ತು.

ಕೊನೆಗೂ ಫೋನು ಬಂತು. ಎಂಜಿನ್ನಿನ ಸದ್ದಿನ ನಡುವೆ ಬುರುಲ್ ಅಳುತ್ತಿದ್ದಳು. "ಹೊರಡ್ತು, ಎಜೆ."

ಹೋಗಿ ಬಾಯ್ಕೆಯ ಕೈಯಿಂದ ಚಹಾದ ಕುಡಿಕೆ ಕಸಿದುಕೊಂಡೆ. ಎರ್ಮೆಕ್‌ನ ಬಟ್ಟಲಿಗೆ ಅಂಚಿನವರೆಗೆ ಸುರಿದೆ. ನಿಲ್ಲಿಸಲಿಲ್ಲ. ಚಹಾ ಉಕ್ಕಿ ಮೇಜಿನ ಬಟ್ಟೆಗೆ, ಅವನ ತೊಡೆಗೆ ಹರಿಯಿತು.

ಅವನು ಹಾರಿ ಎದ್ದ. ಬಟ್ಟಲನ್ನು ನೋಡಿದ, ನನ್ನನ್ನು ನೋಡಿದ. ನಗು ಮಾಯವಾಗಿತ್ತು. ಬಾಗಿಲನ್ನು ಧಡಾರನೆ ಬಡಿದು ಹೋದ.

ಬಾಯ್ಕೆ ಬಟ್ಟೆಯ ತುದಿಯಿಂದ ಮೇಜು ಒರೆಸತೊಡಗಿದರು. ಒರೆಸುತ್ತಲೇ ಮೆಲ್ಲಗೆ ಕೇಳಿದರು: "ಹೊಸ ಪಾಸ್‌ವರ್ಡು ಏನು ತಂಗಿ?"

ಕುಡಿಕೆ ಇನ್ನೂ ನನ್ನ ಕೈಯಲ್ಲೇ ಇತ್ತು.

"ನಿಮ್ಮ ಬಟ್ಟಲೂ ತುಂಬಿಸ್ಲಾ, ಬಾಯ್ಕೆ?"