ಡಿಪೋ ಇಲ್ಲದ ಹೆಬ್ಬೆರಳು

"ಹತ್ತು ಬೆರಳಿಗೆ ಹತ್ತು ಬಣ್ಣ ಹಚ್ಕೊಂಡು ಕೂತ ಗಂಡಸನ್ನ ಈ ಲೋಕದಲ್ಲಿ ಯಾರಾದ್ರೂ ಕಂಡಿದ್ದೀರಾ?"

ಸ್ಕ್ಯಾನಿಂಗ್ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತ ಡ್ರೈವರಣ್ಣ ಎದುರಿನ ಖಾಲಿ ಗೋಡೆಯನ್ನು ಕೇಳಿದ. ಗೋಡೆ ಸುಮ್ಮನಿತ್ತು. ಪಕ್ಕದಲ್ಲಿದ್ದ ಹೆಂಡತಿ ಸುಮ್ಮನಿರುವ ಪೈಕಿಯಲ್ಲ.

"ಮೂರನೇ ಸಲವೂ ಅರ್ಧಕ್ಕೆ ಎದ್ದು ಬಂದ ಗಂಡಸನ್ನ ಮಾತ್ರ ನಾನು ಕಾಣೋದು ಬೇಡ ರೀ. ಬಾಯಿ ಮುಚ್ಕೊಂಡು ಕೂತ್ಕೊಳ್ಳಿ."

ಮಾತಿನಲ್ಲಿ ಹುರುಳಿತ್ತು. ಈಗಾಗಲೇ ಎರಡು ಸಲ ಆ ಸ್ಕ್ಯಾನಿಂಗ್ ಯಂತ್ರದ ಕೊಳವೆಯೊಳಗೆ ಹೋಗಿ, ಐದು ನಿಮಿಷ ತುಂಬುವ ಮೊದಲೇ ತಡೆಯಲಾಗದಿದ್ದರೆ ಒತ್ತಿ ಎಂದು ಕೈಗೆ ಕೊಟ್ಟಿದ್ದ ರಬ್ಬರ್ ಗುಂಡು ಅದುಮಿ, ಬೆವರಿ ತೊಪ್ಪೆಯಾಗಿ ಈಚೆ ಬಂದಿದ್ದ. ಮೂವತ್ತೆಂಟು ವರ್ಷ ಕಿಟಕಿಗೆ ಮೊಣಕೈ ಊರಿ ಬಸ್ಸು ಓಡಿಸಿದ ಜೀವ. ಮೂಗಿನ ಮೇಲೇ ಸೂರು ಬಂದು ಕೂತರೆ ಉಸಿರು ಎಲ್ಲಿಂದ ಬರಬೇಕು? ಆದರೆ ಎಡಗಾಲಿನ ಚಪ್ಪಲಿ ಜಾರಿದರೂ ತಿಳಿಯದಷ್ಟು ಕಾಲು ಜೋಮು ಹಿಡಿದಿತ್ತು. ಬೆನ್ನಿನ ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು: ಒಳಗಿನ ಚಿತ್ರ ಬಾರದೆ ಆಪರೇಷನ್ ಇಲ್ಲ, ಆಪರೇಷನ್ ಇಲ್ಲದೆ ಆ ಕಾಲಿನ ಆಸೆ ಬಿಡಿ.

ಬ್ಯೂಟಿ ಪಾರ್ಲರ್ ನಡೆಸುವ ಹೆಂಡತಿಗೆ ಉಪಾಯ ಹೊಳೆದದ್ದು ಆಗ. ಗಂಡನ ಹಳೇ ರೂಟಿನಲ್ಲಿ ಹತ್ತು ಸ್ಟಾಪು, ಉಗುರಿಗೊಂದು. ಕೆಂಪು ಅಂದರೆ ಅಂಚೆ ಕಚೇರಿ, ನೀಲಿ ಸೇತುವೆ, ಹಳದಿ ಶಾಲೆ, ಹೀಗೇ ಸಾಗಿ ಕೊನೆಗೆ ಬಲಗೈ ಹೆಬ್ಬೆರಳು ಡಿಪೋ. "ಇಪ್ಪತ್ತು ನಿಮಿಷ ತಾನೇ? ಸ್ಟಾಪಿಗೆ ಎರಡು. ಕೈ ಎದೆ ಮೇಲಿಟ್ಕೊಂಡು, ಕಣ್ಣಲ್ಲೇ ನೋಡ್ತಾ ಬಸ್ ಓಡಿಸಿ."

ಬಾಗಿಲು ತೆರೆದ ಟೆಕ್ನಿಷಿಯನ್ ಹುಡುಗಿ ಅವನ ಬೆರಳು ನೋಡಿ ನಗು ನುಂಗಿದಳು. ಆಮೇಲೆ ಬಲಗೈ ಹೆಬ್ಬೆರಳು ಹಿಡಿದು ನೋಡಿ ನಗುವುದನ್ನೇ ಬಿಟ್ಟಳು.

"ಇದು ಮ್ಯಾಗ್ನೆಟ್ ಪಾಲಿಶ್ ಅಲ್ವಾ ಆಂಟಿ? ಬೆಕ್ಕಿನ ಕಣ್ಣಿನ ಹಾಗೆ ಮಿಂಚು ಓಡ್ತಿದೆ."

"ಹೂಂ ಕಣಮ್ಮ. ಪುಟ್ಟ ಮ್ಯಾಗ್ನೆಟ್ ಹಿಡಿದು ಎಳೆದೆ. ಡಿಪೋ ಅಂತ ಸ್ವಲ್ಪ ಗತ್ತಾಗಿರ್ಲಿ ಅಂತ."

"ಅದರಲ್ಲಿ ಕಬ್ಬಿಣದ ಪುಡಿ ಇರುತ್ತೆ. ಒಳಗಿರೋದು ಇಡೀ ಕೋಣೆಯಷ್ಟು ಮ್ಯಾಗ್ನೆಟ್! ಪುಡಿ ಕಾದು ಬೆರಳು ಸುಟ್ಟೀತು. ಉಳಿದವು ಸಾದಾ ಬಣ್ಣ, ಇರ್ಲಿ. ಇದನ್ನ ತೆಗೀರಿ."

ಹೆಂಡತಿ ಕೈಚೀಲದಿಂದ ಬಣ್ಣ ಅಳಿಸುವ ಶೀಶೆ, ಹತ್ತಿ ತೆಗೆದು ಡಿಪೋವನ್ನು ಒರೆಸಿ ಹಾಕಿದಳು.

"ಡಿಪೋನೇ ಇಲ್ದೆ ಬಸ್ಸು ಎಲ್ಲಿ ನಿಲ್ಲಿಸ್ಲಿ?" ಡ್ರೈವರಣ್ಣನ ದನಿ ಸಣ್ಣಗಾಗಿತ್ತು.

"ಅಯ್ಯೋ, ಮೊದಲು ಹೊರಡ್ರಿ!"

ಹಾಸಿಗೆ ಒಳಗೆ ಸರಿಯಿತು. ಸೂರು ಬಂತು. ಯಂತ್ರ ಧಡಧಡ ಎಂದಿತು. ಚಳಿಯ ಬೆಳಗಿನಲ್ಲಿ ಅವನ ಹಳೇ ಬಸ್ಸು ಹೀಗೇ ಗೊಣಗುತ್ತಿತ್ತು. ಗೇರ್ ಹಾಕಿದ. ಕೆಂಪಿನಲ್ಲಿ ನಾಲ್ಕು ಜನ ಹತ್ತಿದರು. ಹಳದಿಯಲ್ಲಿ, ದಿನಾ ತಡವಾಗಿ ಓಡಿಬರುವ ಕೊಡೆಯ ಟೀಚರಿಗಾಗಿ ಕಾದ. ಸ್ಟಾಪಿನ ಹೆಸರುಗಳು ಬಾಯಿಪಾಠದ ಪದ್ಯದಂತೆ ಒಂದರ ಹಿಂದೊಂದು ಬಂದವು. ಸ್ಟಾಪಿಗೆ ಎರಡು ನಿಮಿಷ ಎಂಬುದು ಮರೆತೇ ಹೋಗಿ, ಅರ್ಧ ಹೊತ್ತಿಗೇ ಒಂಬತ್ತು ದಾಟಿತು.

ಮುಂದೆ ಬೋಳು ಉಗುರು.

ಸೂರು ಗಕ್ಕನೆ ಮೂಗಿಗಿಳಿಯಿತು. ಬೆರಳು ರಬ್ಬರ್ ಗುಂಡಿನ ಮೇಲೆ ಬಿಗಿಯಿತು. ಅದುಮಿದರೆ ಗಾಳಿ, ಬೆಳಕು. ಅದುಮಿದರೆ ಕಾಲು ಹೋಯಿತು.

ಥೂ, ಡಿಪೋ ಇಲ್ಲ ಅಂದಮೇಲೆ ಬಸ್ಸು ನಿಲ್ಲಿಸಲು ಯಾರಪ್ಪನ ಅಪ್ಪಣೆ? ಮನಸ್ಸಿನಲ್ಲೇ ಸ್ಟಿಯರಿಂಗ್ ಪೂರ್ತಿ ತಿರುಗಿಸಿದ. ಒಂಬತ್ತು, ಎಂಟು, ಏಳು... ಇಳಿದವರೇ ಮತ್ತೆ ಹತ್ತಿದರು. ಟೀಚರ್ ಈ ಸಲ ಮೊದಲೇ ಬಂದು ನಿಂತಿದ್ದಳು.

ಸದ್ದು ನಿಂತಿತು. ಹಾಸಿಗೆ ಹೊರಗೆ ಸರಿಯಿತು. ಬಾಗಿಲಲ್ಲಿ ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದಳು.

"ಅಂಕಲ್, ಚಿತ್ರ ಚೊಕ್ಕವಾಗಿ ಬಂದಿದೆ!" ಎಂದಳು ಹುಡುಗಿ. "ಏಳಿ, ಕೆಳಗಿಳೀರಿ."

ಡ್ರೈವರಣ್ಣ ನೀಲಿ ಉಗುರಿನಿಂದ ಕಣ್ಣು ಕೀಳಲಿಲ್ಲ.

"ಇಳಿಯಲ್ಲ. ಸೇತುವೆ ಮಧ್ಯದಲ್ಲಿ ಜನರನ್ನ ಬಿಟ್ಟು ಇಳಿಯೋ ಡ್ರೈವರ್ ನಾನಲ್ಲ."