ಕಾವಲಣ್ಣನ ಖಾತೆ

ಅಜ್ಜಂಪುರದ ಬಸ್ ಸ್ಟ್ಯಾಂಡಿನ ಎದುರು ಹೊಸದಾಗಿ ಕಟ್ಟಿದ್ದ ಫ್ಲೆಕ್ಸಿನಲ್ಲಿ ಕಾವಲಣ್ಣ ನಿಂತಿದ್ದ. ಹೆಗಲ ಮೇಲೆ ಅದೇ ಕರಿ ಕಂಬಳಿ, ಬೆನ್ನ ಹಿಂದೆ ಅದೇ ಉದ್ದ ಕೊಂಬಿನ ಹೋರಿ. ಮೈಗೆ ಮಾತ್ರ ಯಾರೋ ಎಣ್ಣೆ ತಿಕ್ಕಿ, ಹೊಟ್ಟೆಯನ್ನು ಚಪ್ಪಡಿ ಕಲ್ಲು ಜೋಡಿಸಿದಂತೆ ಮಾಡಿದ್ದರು. "ನಮ್ಮ ಮಣ್ಣಿನ ಸೂಪರ್‌ಹೀರೋ, ಶೀಘ್ರದಲ್ಲೇ ನಿಮ್ಮ ಮೊಬೈಲಿನಲ್ಲಿ." ಕೆಳಗೆ ಸಣ್ಣ ಅಕ್ಷರದಲ್ಲಿ: "ಸೃಷ್ಟಿ: ಷಣ್ಮುಖಪ್ಪ."

ತಿಪ್ಪೇಶ ಆ ಸಣ್ಣ ಸಾಲನ್ನು ಮೂರು ಸಲ ಓದಿದ. ಇಪ್ಪತ್ತೈದು ವರ್ಷ ಅಂಗಡಿಗಳಿಗೆ ಬೋರ್ಡು ಬರೆದವನು. ಫ್ಲೆಕ್ಸ್ ಮೆಷಿನ್ನು ಬಂದು ಅವನ ಬ್ರಷ್ಷನ್ನು ಮೂಲೆಗೆ ತಳ್ಳಿ ಎಷ್ಟೋ ಕಾಲವಾಗಿತ್ತು. ಈಗ ಅದೇ ಫ್ಲೆಕ್ಸು ಅವನ ಕೂಸನ್ನೂ ಎತ್ತಿಕೊಂಡು ಹೋಗಿ ಬೇರೊಬ್ಬರ ತೊಡೆಯ ಮೇಲೆ ಕೂರಿಸಿತ್ತು.

ಕಾವಲಣ್ಣ ಹುಟ್ಟಿದ್ದು ಎಂಬತ್ತನಾಲ್ಕರಲ್ಲಿ, ಬೀರೂರಿನ ಷಣ್ಮುಖಪ್ಪನವರ ಪ್ರೆಸ್ಸಿನಲ್ಲಿ. ಮದುವೆ ಪತ್ರಿಕೆ, ಬಿಲ್ ಬುಕ್ಕು ಅಚ್ಚು ಹಾಕುತ್ತಿದ್ದ ಪ್ರೆಸ್ಸು ಅದು. ಬೋರ್ಡಿನ ಕೆಲಸವಿಲ್ಲದ ದಿನ ತಿಪ್ಪೇಶ ಅಲ್ಲಿ ಕೂಲಿಗೆ ಅಚ್ಚುಮೊಳೆ ಜೋಡಿಸುತ್ತಿದ್ದ. ದನ ಮೇಯುವ ಎಮ್ಮೆದೊಡ್ಡಿ ಕಾವಲಿನಲ್ಲಿ ಹೋರಿಯೊಂದು ತನ್ನನ್ನು ಎತ್ತಿ ಬಿಸಾಡಿದ ಕತೆಯನ್ನು ತಿಪ್ಪೇಶ ಒಂದು ದಿನ ಯಜಮಾನರ ಮುಂದೆ ಆಡಿ ತೋರಿಸಿದ. ಬುಸುಗುಟ್ಟಿದ ಹೋರಿಯೂ ಅವನೇ, ತೊದಲುತ್ತ ಕೂಗಿದ ದನಗಾಹಿಯೂ ಅವನೇ, ಹಾರಿ ಬಿದ್ದವನಂತೂ ಅವನೇ. "ಬಿದ್ದೋನಿಗೆ ಹೋರಿ ಬಲ ಬಂದ್ಬಿಟ್ರೆ ಹೆಂಗಿರುತ್ತೆ ಯಜಮಾನ್ರೇ?" ಎಂದು ಕೊನೆಗೊಂದು ಪ್ರಶ್ನೆ ಎಸೆದ. ಆ ಒಂದು ಪ್ರಶ್ನೆಯಿಂದ ಕಾವಲಣ್ಣನ ಮೂವತ್ತೊಂದು ಕಾಮಿಕ್ಸ್ ಪುಸ್ತಕ ಬಂದವು. ಕತೆ, ಚಿತ್ರ, ಅಕ್ಷರ ಎಲ್ಲ ತಿಪ್ಪೇಶನದು. ಬೀರೂರು ಜಂಕ್ಷನ್ನಿನಲ್ಲಿ ರೈಲು ನಿಂತಷ್ಟು ಹೊತ್ತಿನಲ್ಲಿ ಅವು ಕಡಲೆಕಾಯಿಗಿಂತ ಬೇಗ ಖರ್ಚಾಗುತ್ತಿದ್ದವು.

ಹೆಸರು ಮಾತ್ರ ಅವನು ಹಾಕಿರಲಿಲ್ಲ. ಬೋರ್ಡು ಬರೆಯಲು ಕಲಿಸಿದ ಗುರು ಮೊದಲ ದಿನವೇ ಕೈಮೇಲೆ ಬಾರಿಸಿ ಹೇಳಿದ್ದ: "ಅಂಗಡಿ ಮಾಲೀಕಂದು, ಅಕ್ಷರ ದೇವ್ರದು. ಮಧ್ಯೆ ನಿಂದೇನೋ?" ಹಾಗಾಗಿ ಪ್ರತಿ ಪುಟದ ಮೂಲೆಯಲ್ಲಿ ಸಾಸಿವೆಯಷ್ಟು ಅಕ್ಷರದಲ್ಲಿ "ಶ್ರೀ ಅಂತರಘಟ್ಟಮ್ಮ ಪ್ರಸನ್ನ" ಎಂದು ಬರೆದು ಕೈಮುಗಿಯುತ್ತಿದ್ದ. ಪುಸ್ತಕದ ಕೊನೆಗೆ ಯಾರದಾದರೂ ಹೆಸರು ಬೇಕಲ್ಲ ಎಂದು ಷಣ್ಮುಖಪ್ಪನವರು ತಮ್ಮದನ್ನು ಹಾಕಿಸಿದರು. ಆ ಹೆಸರಿನ ಅಚ್ಚುಮೊಳೆ ಜೋಡಿಸಿದ್ದೂ ತಿಪ್ಪೇಶನೇ.

ಕಡೂರಿನ ವಕೀಲ ವಿಶ್ವಾರಾಧ್ಯ ತಿಪ್ಪೇಶ ತಂದಿಟ್ಟ ಹಳೆಯ ಪುಸ್ತಕಗಳನ್ನು ತಿರುವಿ ತಿರುವಿ ನೋಡಿದರು.

"ನಿಮ್ ಸಹಿ ಎಲ್ಲೈತ್ರೀ?"

"ಅಮ್ಮನ ಹೆಸ್ರೇ ನನ್ ಸಹಿ ಸಾಮಿ."

"ಹಂಗಾದ್ರೆ ಅಮ್ಮನ್ನೇ ಕರ್ಕೊಂಡ್ ಬನ್ನಿ, ವಕಾಲತ್ತಿಗೆ ಸಹಿ ಹಾಕಿಸ್ಕೊಳ್ಳಾಣ." ಎದುರಿದ್ದವನು ನಗಲಿಲ್ಲ. ವಕೀಲರು ಕನ್ನಡಕ ತೆಗೆದಿಟ್ಟರು. "ನೋಡ್ರಿ, ಷಣ್ಮುಖಪ್ಪನವರು ಕಾವಲಣ್ಣನ ಹಕ್ಕನ್ನ ಮಗ ರಘುಗೆ ಬರ್ಕೊಟ್ರು. ರಘು ಮೈಸೂರಿನ ಒಂದು ಪ್ರಕಾಶನಕ್ಕೆ ಮಾರ್ದ. ಅವ್ರು ಮುಂಬೈ ಕಂಪನಿಗೆ ಮಾರಿದ್ರು. ಹೊಲ ಇದ್ದಲ್ಲೇ ಐತೆ, ಖಾತೆ ಮಾತ್ರ ಊರೂರು ಸುತ್ಕೊಂಡ್ ಬಂದೈತೆ. ಅಮೆರಿಕದಾಗೂ ಇದೇ ಪಾಡು. ಆಕಾಶದಾಗೆ ಹಾರೋ ವೀರನ್ನ ಹುಟ್ಸಿದ ಇಬ್ರು ಹುಡುಗ್ರು ಶುರುವಿನಾಗೇ ಸಹಿ ಹಾಕಿ ಕೊಟ್ಬಿಟ್ಟು, ಮುದುಕ್ರಾಗೋವರ್ಗೂ ಅಲೆದ್ರು."

"ಅವ್ರು ಸಹಿ ಹಾಕಿ ಕೆಟ್ರು, ನಾನು ಹಾಕ್ದೆ ಕೆಟ್ಟೆ," ಎಂದ ತಿಪ್ಪೇಶ.

"ಉಳಿದಿರೋ ಸಾಕ್ಷಿ ಒಂದೇ. ಷಣ್ಮುಖಪ್ಪನವರ ಬಾಯಿ. 'ಬರ್ದೋನು ಇವನೇ' ಅಂತ ಅವ್ರು ಒಂದ್ ಮಾತು ಹೇಳ್ಳಿ, ನಾನು ಕೇಸ್ ನಡೆಸ್ತೀನಿ."

ಷಣ್ಮುಖಪ್ಪನವರು ಈಗ ಮಗನ ಜೊತೆ ತರೀಕೆರೆಯಲ್ಲಿದ್ದರು. ಮರುದಿನ ಬೆಳಿಗ್ಗೆ ತಿಪ್ಪೇಶ ಅಲ್ಲಿನ ಬಸ್ಸಿಗೆ ಹೊರಟ. "ಅವ್ರಿಗೆ ಎಂಬತ್ತಾರು ಕಣ್ರೀ," ಎಂದಳು ಹೆಂಡತಿ ಲಿಂಗಮ್ಮ. "ಹೋಗಿದ್ದೇ ಜಗಳ ತೆಗೀಬೇಡಿ. ಆಮೇಲೆ ಅವ್ರಂಗೇ ಕೆಮ್ಮಿ ತೋರ್ಸಕ್ಕೂ ಹೋಗ್ಬೇಡಿ." ಊರಿನಲ್ಲಿ ಅವನು ಅಣಕಿಸದ ದನಿಯಿರಲಿಲ್ಲ. ಕಂಡಕ್ಟರು, ಶಾನುಭೋಗರು, ಸ್ವಂತ ಅತ್ತೆ, ಯಾರನ್ನೂ ಬಿಟ್ಟವನಲ್ಲ.

ತರೀಕೆರೆಯ ಮನೆಯ ನಡುಕೋಣೆಯಲ್ಲಿ ಷಣ್ಮುಖಪ್ಪನವರು ಮಂಚದ ಮೇಲೆ ಒರಗಿದ್ದರು. ರಘು ಅವರ ಎದುರು ಸ್ಟ್ಯಾಂಡಿಗೆ ಮೊಬೈಲು ಸಿಕ್ಕಿಸುತ್ತಿದ್ದ. ಕಾವಲಣ್ಣ ಹುಟ್ಟಿದ ಕತೆಯನ್ನು ಅಪ್ಪನ ಬಾಯಲ್ಲೇ ಹೇಳಿಸಿ ಕಳಿಸಿ ಎಂದು ಕಂಪನಿಯವರು ಕೇಳಿದ್ದರಂತೆ.

"ಬಾರೋ ತಿಪ್ಪಾ! ಕಾಫಿ ಕುಡುದ್ಯಾ?" ಮುದುಕರ ಮುಖ ಅರಳಿತು.

ಒಳ್ಳೆಯದೇ ಆಯಿತು ಎಂದುಕೊಂಡ ತಿಪ್ಪೇಶ. ಸಾಕ್ಷಿ ಹೇಳುವ ಹೊತ್ತಿಗೆ ಕ್ಯಾಮೆರಾವೂ ಇದೆ. "ಹೇಳ್ರಿ ಯಜಮಾನ್ರೇ, ಇದ್ದದ್ ಇದ್ದಂಗೇ ಹೇಳ್ರಿ."

"ಅದೊಂದ್ ಮಧ್ಯಾಹ್ನ," ಎಂದು ಶುರುಮಾಡಿದರು ಅವರು. "ಎಮ್ಮೆದೊಡ್ಡಿ ಕಾವಲ್ನಾಗೆ ಬತ್ತಾ ಇದ್ದೆ ನಾನು, ಒಬ್ನೇ..."

ಮೂಗಿನ ಹೊಳ್ಳೆ ಅರಳಿಸಿ ಹೋರಿಯಂತೆ ಬುಸುಗುಟ್ಟಿದರು. ದನಗಾಹಿಯ ತೊದಲು ತೊದಲಿದರು: "ಓ-ಓ-ಓಡೋ ಲೇ!" ಮೂರನೆಯ 'ಓ'ಗೆ ತಿಪ್ಪೇಶನಂತೆಯೇ ಕತ್ತು ವಾಲಿಸುವುದನ್ನೂ ಬಿಡಲಿಲ್ಲ. ಊರವರ ದನಿಯನ್ನೆಲ್ಲ ಕದ್ದ ತಿಪ್ಪೇಶ ಇವತ್ತು ತನ್ನ ದನಿಯನ್ನೇ ಇನ್ನೊಬ್ಬರ ಗಂಟಲಲ್ಲಿ ಕೇಳುತ್ತಿದ್ದ. ಮುದುಕರ ಮುಖದಲ್ಲಿ ಕಪಟ ಹುಡುಕಿದ. ಎಳ್ಳಷ್ಟೂ ಇರಲಿಲ್ಲ. ನಲವತ್ತು ವರ್ಷ ಬಂದವರಿಗೆಲ್ಲ ಹೇಳಿ ಹೇಳಿ, ಆ ಮಧ್ಯಾಹ್ನ ಅವರದೇ ಆಗಿಹೋಗಿತ್ತು.

"ಕೊಂಬು ಇಲ್ಲಿಗೇ ತಾಕ್ತು, ನೋಡು," ಎನ್ನುತ್ತ ಷಣ್ಮುಖಪ್ಪನವರು ಎಡಹುಬ್ಬಿನ ಮೇಲೆ ಬೆರಳಿಟ್ಟರು.

ಹುಬ್ಬು ನುಣ್ಣಗಿತ್ತು.

ರಘುವಿನ ಕಣ್ಣು ಅಪ್ಪನ ಹುಬ್ಬಿನಿಂದ ತಿಪ್ಪೇಶನ ಎಡಹುಬ್ಬಿಗೆ ಬಂತು. ಅಲ್ಲಿ ಬಿಳಿ ದಾರ ಹೊಲಿದಂತೆ ಹಳೆಯ ಗಾಯದ ಕಲೆಯಿತ್ತು. ರಘು ಮೆಲ್ಲಗೆ ಕೈಚಾಚಿ ರೆಕಾರ್ಡಿಂಗ್ ನಿಲ್ಲಿಸಿದ.

ಮುದುಕರ ಬೆರಳು ಇನ್ನೂ ಹಣೆಯ ಮೇಲೆಲ್ಲ ತಡಕಾಡುತ್ತಿತ್ತು. ಬಲಹುಬ್ಬು ನೋಡಿತು, ಕೆನ್ನೆ ನೋಡಿತು. ಸಂತೆಯಲ್ಲಿ ತಾಯಿಯ ಕೈ ತಪ್ಪಿದ ಮಗುವಿನಂತೆ ಅವರು ತಿಪ್ಪೇಶನನ್ನು ನೋಡಿದರು.

"ತಿಪ್ಪಾ... ಬಿದ್ದೋನು ನಾನಲ್ವೇನೋ?"

ಕೇಸು ಗೆಲ್ಲಲು ಒಂದು ಮಾತು ಸಾಕಿತ್ತು. ಅದು ತಿಪ್ಪೇಶನ ನಾಲಿಗೆಯ ತುದಿಯಲ್ಲೇ ಇತ್ತು.

"ನೀವೇ ಯಜಮಾನ್ರೇ," ಎಂದ ತಿಪ್ಪೇಶ. "ವಯಸ್ಸಾಯ್ತಲ್ಲ, ಗಾಯ ಮಾಗೈತೆ."

"ಅದೇ ಮತ್ತೆ!" ಮುದುಕರು ದಿಂಬಿಗೆ ಒರಗಿ ಕಣ್ಮುಚ್ಚಿದರು.

ಜಗಲಿಗೆ ಬಂದ ಮೇಲೆ ರಘು ತಲೆ ಎತ್ತಲಿಲ್ಲ. "ಹುಬ್ಬಿನ್ ಭಾಗ ಕಟ್ ಮಾಡಿ ಕಳಿಸ್ತೀನಿ, ತಿಪ್ಪೇಶಣ್ಣ," ಎಂದು ಮಡಿಸಿದ ಕಾಗದವೊಂದನ್ನು ತೆಗೆದ. "ಕಂಪನಿಯೋರು ನಿಮ್ಮತ್ರ ಇದೊಂದ್ ಕೇಳಿದಾರೆ. 'ಯಜಮಾನರು ಹೇಳಿದಂಗೆ ಕೂಲಿಗೆ ಬರ್ಕೊಟ್ಟಿದ್ದೆ, ನಂಗೇನೂ ಹಕ್ಕಿಲ್ಲ' ಅಂತ ನೀವು ಒಪ್ಪಬೇಕಂತೆ. ಸಹಿ ಹಾಕಿದ್ರೆ ಕೊನೇಲಿ ಕೃತಜ್ಞತೆ ಪಟ್ಟೀಲಿ ನಿಮ್ ಹೆಸ್ರು ಬರುತ್ತೆ."

"ಎಷ್ಟ್ ದಪ್ಪ ಅಕ್ಷರದಾಗೆ?"

ರಘು ಪೆನ್ನಿನ ಮುಚ್ಚಳ ತೆಗೆದು ಮುಂದೆ ಹಿಡಿದ.

ತಿಪ್ಪೇಶ ಕಾಗದವನ್ನು ಜಗಲಿಯ ಕಟ್ಟೆಯ ಮೇಲೆ ಹರಡಿ ಪೆನ್ನು ತೆಗೆದುಕೊಂಡ. ಕೈ ತಾನಾಗಿಯೇ ಮೂಲೆಗೆ ಹೋಗಿ "ಶ್ರೀ ಅಂ" ಎಂದು ಸಾಸಿವೆಯಷ್ಟು ಅಕ್ಷರದಲ್ಲಿ ಶುರುಮಾಡಿತು.

"ದೇವ್ರ ಹೆಸ್ರಲ್ಲ ಅಣ್ಣ. ನಿಮ್ದು ಬರೀರಿ."

ಕಾಗದದ ನೆತ್ತಿಯ ಮೇಲೆ ಕಂಪನಿಯ ಗುರುತಾಗಿ ಕಾವಲಣ್ಣ ಎದೆಯುಬ್ಬಿಸಿ ನಿಂತಿದ್ದ. ಅವನ ಕಾಲಡಿಯಲ್ಲಿ ತಿಪ್ಪೇಶ ಜೀವಮಾನದಲ್ಲಿ ಮೊದಲ ಸಲ, ಬೋರ್ಡಿಗೆ ಬರೆಯುವಷ್ಟು ದುಂಡಗೆ, ತನ್ನ ಹೆಸರು ಬರೆದ.